ಬೆನ್ನಿನಿಂದ ಉಸಿರು ಬಿಡುವ ಮಿಷನ್ನು

ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಅದು ಮಿಷನ್ನು. ಮನೆಯಲ್ಲಿ ಬಟ್ಟೆ ಒಗೆಯುವ ಮಿಷನ್ ಇದೆ, ಅತ್ತೆಯ ಹೊಲಿಗೆ ಮಿಷನ್ ಇದೆ, ಆದರೆ ಬರಿದೇ ‘ಮಿಷನ್ನು’ ಎಂದರೆ ಅದೊಂದೇ. ಹಾಲಿನ ಕ್ಯಾನನ್ನು ಅಡ್ಡ ಮಲಗಿಸಿ ಕೆಳಗೆ ಚಕ್ರ ಹಚ್ಚಿದ ಹಾಗಿದೆ. ಕಬ್ಬಿಣದ ಮೈ, ಬೂದು ಬಣ್ಣ, ಮುಂದೆ ಧೂಳೆಳೆಯುವ ಬಾಯಿ, ಹಿಂದೆ ಗಾಳಿ ಬಿಡುವ ಜಾಲರಿ. ನಾನು ಮದುವೆಯಾಗಿ ಮಾಲೂರು ಕಡೆಯಿಂದ ಗಡಿ ದಾಟಿ ಹೊಸೂರಿನ ಈ ಮನೆಗೆ ಬಂದ ವರ್ಷವೇ ಅದೂ ಬಂತು. ಇಬ್ಬರೂ ಜೊತೆಯಲ್ಲೇ ಹಳಬರಾಗಿದ್ದೇವೆ. ಅದಕ್ಕೆ ನನಗಿಂತ ಒಂದು ತೂಕ ಹೆಚ್ಚು ಮರ್ಯಾದೆ ಎಂಬ ಹೊಟ್ಟೆಕಿಚ್ಚು ಮೊದಮೊದಲು ಇತ್ತು, ಈಗ ಇಲ್ಲ.

ಅದನ್ನು ತಂದವನು ಟೈ ಕಟ್ಟಿಕೊಂಡು ಬಂದ ಒಬ್ಬ ಸೇಲ್ಸ್‌ಮನ್. ಆಗ ಅವರು ಮನೆಮನೆಗೂ ಬರುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಮ್ಮ ಮಾವನಿಗೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿ ಗೊತ್ತಿಲ್ಲ. ಅತ್ತೆಗೆ ಗೊತ್ತಿತ್ತು. ಆದರೆ ಅತ್ತೆ ಅಡುಗೆಮನೆಯಿಂದ ಬರುವಷ್ಟರಲ್ಲಿ ಅವನು ಒಳಗೆ ಬಂದು ಡಬ್ಬ ಬಿಚ್ಚಿ ಆಗಿತ್ತು.

“ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೊಸ ಹಾಸಿಗೆ ಯಾವುದು?” ಎಂದು ತಮಿಳಿನಲ್ಲಿ ಕೇಳಿದ. ಹೊಸದು ಎಂದರೆ ನನ್ನದೇ, ತವರಿನವರು ಮದುವೆಗೆ ಕೊಟ್ಟದ್ದು. ಅವನು ಕೊಳವೆಯ ಬಾಯಿಗೆ ಒಂದು ಬಿಳಿ ಕರವಸ್ತ್ರ ಸಿಕ್ಕಿಸಿ ಹಾಸಿಗೆಯ ಮೇಲೆ ಎಳೆದ. ತೆಗೆದಾಗ ಕರವಸ್ತ್ರದ ನಡುವೆ ಕಾಸಿನಗಲ ಕಪ್ಪು ಪುಡಿ. “ಪಾರುಂಗಮ್ಮಾ, ಪಾರುಂಗ,” ನೋಡಿ ನೋಡಿ ಎಂದು ಅದನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದ. ಅತ್ತೆ ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು. ತವರಿನ ಮಾನ ಕರವಸ್ತ್ರದ ಮೇಲೆ ಕೂತಿತ್ತು. ನನಗೆ ಅಳು ಬರುವ ಹಾಗಾಯಿತು, ಜೊತೆಗೆ ಸಿಟ್ಟೂ ಬಂತು.

“ಅತ್ತೆಯವರ ಹಾಸಿಗೇನೂ ನೋಡ್ಬುಡಿ,” ಎಂದೆ. ಹೊಸ ಸೊಸೆಯ ಬಾಯಿಂದ ಈ ಮಾತು ಹೇಗೆ ಬಂತೋ ತಿಳಿಯದು.

ಅವನು ಅದನ್ನೂ ಎಳೆದು ನೋಡಿದ. ಈ ಸಲ ಕಾಸಿನಗಲ ಅಲ್ಲ, ಅಂಗೈ ತುಂಬ ಬಂತು. ಬೂದಿಯ ಹಾಗೆ ನಯವಾಗಿತ್ತು. ಅತ್ತೆ ಅದನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು, “ಇದ್ರ ಮೇಲೆ ಇಷ್ಟ್ ವರ್ಷ ಮಲಗಿದ್ವಾ?” ಎಂದರು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ, ಬರೀ ಬೆರಗು. ಗೋಡೆಯ ಹಿಂದೆ ಇನ್ನೊಂದು ಮನೆ ಇದೆ ಎಂದು ಈಗ ಗೊತ್ತಾದವರ ಹಾಗೆ ನಿಂತಿದ್ದರು. ಮಿಷನ್ನನ್ನು ಬೇಡ ಎನ್ನಲು ಬಂದವರು ಮಾವನ ಕಡೆ ತಿರುಗಿ, “ತಗೊಳ್ಳಿ,” ಎಂದು ಒಳಗೆ ಹೋದರು.

ಅದರ ಶಕ್ತಿ ಎಂಥದೆಂದು ಹೇಳಿದರೆ ಈಗಿನವರು ನಂಬುವುದಿಲ್ಲ. ಕಿಟಕಿಯ ಸಂದಿಯಲ್ಲಿ ತಲೆಮಾರಿನಿಂದ ಕೂತಿದ್ದ ಕಣಜದ ಹುಳುವಿನ ಮಣ್ಣುಗೂಡು ಅದರ ಬಾಯಿಗೆ ಪುಡಿಪುಡಿಯಾಗಿ ಹೋಯಿತು. ಕೊಳವೆಯನ್ನು ಹಿಂದಿನ ಜಾಲರಿಗೆ ತಿರುಗಿಸಿ ಸಿಕ್ಕಿಸಿದರೆ ಎಳೆಯುವುದು ಹೋಗಿ ಊದುತ್ತಿತ್ತು. ಬಾಗಲೂರಿನ ನೆಂಟರು ರಾಗಿ ಕಳಿಸಿದಾಗ ಅತ್ತೆ ಅಂಗಳದಲ್ಲಿ ಗೋಣಿ ಹಾಸಿ, ರಾಗಿಯನ್ನು ಮೊರದಿಂದ ಸುರಿಯುತ್ತಾ ನನ್ನ ಕೈಯಲ್ಲಿ ಊದಿಸಿದರು. ಹೊಟ್ಟೆಲ್ಲ ಹಾರಿ ಎದುರುಮನೆಯವರು ಒಣಹಾಕಿದ್ದ ಸೀರೆಯ ಮೇಲೆ ಕೂತಿತು. ಒಂದು ವಾರ ಅವರು ನಮ್ಮೊಡನೆ ಮಾತಾಡಲಿಲ್ಲ. ಆದರೆ ರಾಗಿ ಮಾತ್ರ ಸಾಸಿವೆಯಂತೆ ಹೊಳೆಯುತ್ತಿತ್ತು.

ಶಾಸ್ತ್ರದಲ್ಲೂ ಅದಕ್ಕೆ ಜಾಗ ಸಿಕ್ಕಿತು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂಬುದು ಎಲ್ಲ ಮನೆಯ ಕಟ್ಟಳೆ. ಒಂದು ಶುಕ್ರವಾರ ಸಂಜೆ ಅರಿಸಿನ ಕುಂಕುಮಕ್ಕೆ ಹೆಂಗಸರು ಬರುವ ಹೊತ್ತಿಗೆ ನಡುಮನೆಯಲ್ಲಿ ಅಕ್ಕಿ ಹಿಟ್ಟಿನ ಡಬ್ಬಿ ಮಗುಚಿಬಿತ್ತು. ನಾನು ಪೊರಕೆ ಹಿಡಿದು ಕಕ್ಕಾಬಿಕ್ಕಿಯಾದೆ. ಅತ್ತೆ ನಿಂತಲ್ಲೇ ತೀರ್ಪು ಕೊಟ್ಟರು: “ಪೊರಕೆ ಆಚೆಗೆ ತಳ್ತದೆ. ಮಿಷನ್ನು ಒಳೀಕೆ ಎಳ್ಕೊತದೆ. ಲಕ್ಷ್ಮಿ ಮನೇಲೇ ಇದ್ದಂಗಾಯ್ತು. ಚೀಲ ಮಾತ್ರ ಬೆಳಗ್ಗೆ ಬಿಚ್ಚು.” ಈ ತೀರ್ಪು ನಮ್ಮ ಬೀದಿಯಲ್ಲೆಲ್ಲ ಹರಡಿ, ಆಮೇಲೆ ಮಿಷನ್ ಕೊಂಡ ಇನ್ನೆರಡು ಮನೆಯವರೂ ಅದನ್ನೇ ಪಾಲಿಸಿದರು. ಆಯುಧಪೂಜೆಯಲ್ಲಿ ನಮ್ಮ ಯಜಮಾನರ ಸ್ಕೂಟರಿಗೆ ಬರೀ ಹೂವು. ಮಿಷನ್ನಿಗೆ ಮೂರು ಎಳೆ ವಿಭೂತಿ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನಬೇಡಿ, ಅದರ ಅವಗುಣಗಳೂ ನಮಗೆ ಗೊತ್ತಿದ್ದವು. ಸದ್ದು ಎಷ್ಟೆಂದರೆ ಶುರು ಮಾಡಿದೊಡನೆ ನಾಯಿ ಬೀದಿಯ ಆ ತುದಿಗೆ ಓಡುತ್ತಿತ್ತು. ಹೊತ್ತು ತಿರುಗುವಷ್ಟು ಹಗುರವಲ್ಲ, ಎತ್ತಿದರೆ ಸೊಂಟ ಹಿಡಿಯುತ್ತಿತ್ತು. ಮೈ ಕಾದರೆ ಸುಟ್ಟ ವಾಸನೆ ಬರುತ್ತಿತ್ತು, ಆಗ ನಿಲ್ಲಿಸಿ ಎತ್ತಿಗೆ ಕೊಡುವ ಹಾಗೆ ವಿಶ್ರಾಂತಿ ಕೊಡಬೇಕು. ವೈರು ಗಿಡ್ಡ. ಅದರ ಭಾರ ತಾಳುವ ದೊಡ್ಡ ಪ್ಲಗ್ಗು ಮನೆಯಲ್ಲಿ ಇದ್ದದ್ದು ಒಂದೇ, ನಡುಮನೆಯ ಪೂರ್ವದ ಗೋಡೆಯಲ್ಲಿ. ಹಾಗಾಗಿ ಮಿಷನ್ನು ಯಾವಾಗಲೂ ನಡುಮನೆಯ ಮಧ್ಯೆ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ನಾನು ಉದ್ದ ಕೊಳವೆ ಹಿಡಿದು ಸುತ್ತಲೂ ಬಗ್ಗಿ ಎಳೆಯುತ್ತಿದ್ದೆ. ಅದರ ಹಿಂದೆ ಬೆತ್ತದ ಕುರ್ಚಿ ಹಾಕಿಕೊಂಡು ಅತ್ತೆ ಕೂರುತ್ತಿದ್ದರು. “ಆ ಮೂಲೆ ಬುಟ್ಟೆ ನೋಡು, ಬೀರು ಕೆಳಗೆ ಹಾಕು,” ಎಂದು ಸದ್ದಿಗೆ ಮೀರಿ ಕೂಗುತ್ತಾ ನಡೆಸುತ್ತಿದ್ದರು. ಚಳಿಗಾಲದಲ್ಲಿ ಅವರಿಗೆ ಅಲ್ಲಿ ಕೂರಲು ಇನ್ನೊಂದು ಕಾರಣವೂ ಇತ್ತು. ಹಿಂದಿನ ಜಾಲರಿಯಿಂದ ಬೆಚ್ಚಗೆ ಗಾಳಿ ಬರುತ್ತಿತ್ತು. ಹೊಸೂರಿನ ಮಾರ್ಗಶಿರದ ಚಳಿ ಬಲ್ಲವರಿಗೆ ಅದರ ಬೆಲೆ ಗೊತ್ತು. ಅತ್ತೆ ಎರಡೂ ಪಾದಗಳನ್ನು ಜಾಲರಿಯ ಕಡೆ ಚಾಚಿ, ಶಾಲು ಹೊದ್ದು ಸುಖವಾಗಿ ಕೂರುತ್ತಿದ್ದರು.

ಧೂಳು ತುಂಬುವ ಚೀಲ ಸವೆದು ಹರಿದಾಗ ನಮಗೆ ದೊಡ್ಡ ಕಷ್ಟ ಬಂತು. ಆ ಮಾದರಿಯನ್ನು ತಯಾರಿಸುವುದೇ ನಿಂತಿತ್ತು. ಅತ್ತೆ ಹಳೆ ಚೀಲದ ಹೊಲಿಗೆ ಬಿಚ್ಚಿ, ನೆಲದ ಮೇಲೆ ಹರಡಿ, ಅಳತೆ ತೆಗೆದರು. ಮನೆಯಲ್ಲಿ ಬಟ್ಟೆ ಬಿಸಾಡುವ ಪದ್ಧತಿ ಇಲ್ಲ. ಪಂಚೆ ಹಳತಾದರೆ ಒಳಪಂಚೆ, ಅದೂ ಹಳತಾದರೆ ಹಾಲು ಸೋಸುವ ಬಟ್ಟೆ, ಆಮೇಲೆ ಮಕ್ಕಳ ಲಂಗೋಟಿ, ಕೊನೆಗೆ ಒಲೆಯ ಬಟ್ಟೆ. ಮಾವನ ಒಂದು ಹಳೆ ಪಂಚೆ ಒಗೆದೂ ಒಗೆದೂ ಬೆಣ್ಣೆಯಷ್ಟು ಮೆತ್ತಗಾಗಿತ್ತು. ಅದನ್ನೇ ಕತ್ತರಿಸಿ, ಎರಡು ಪದರ ಹೊಲಿಯುವ ಬದಲು ಬಟ್ಟೆ ಉಳಿಯಲೆಂದು ಒಂದೇ ಪದರ ಹೊಲಿದರು. ಒಂದು ಪಂಚೆಯಲ್ಲಿ ಮೂರು ಚೀಲವಾಯಿತು.

ಹೊಸ ಚೀಲ ಹಾಕಿ ಸ್ವಿಚ್ಚು ಒತ್ತಿದೆವು. ಮಿಷನ್ನಿಗೆ ಮತ್ತೆ ಹರೆಯ ಬಂದಿತ್ತು! ಕಾಲೊರಸು ನೆಲಬಿಟ್ಟು ಎದ್ದು ಕೊಳವೆಗೆ ಅಂಟಿಕೊಂಡಿತು. ನನ್ನ ಸೆರಗು ಹಿಡಿದುಕೊಂಡು ಬಿಡಲಿಲ್ಲ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಮಾವ ಪೇಪರು ಕೆಳಗಿಟ್ಟು, “ನನ್ ಪಂಚೇಲಿ ಇಷ್ಟು ಶಕ್ತಿ ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ,” ಎಂದರು. ಅತ್ತೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರಿಬ್ಬರ ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನೂ ಒಂದು ಸೋಜಿಗವಾಯಿತು. ಅಷ್ಟು ಜೋರಾಗಿ ಎಳೆದರೂ ಚೀಲ ಬಿಚ್ಚಿದಾಗ ಮೊದಲಿನಷ್ಟು ಧೂಳು ಇರುತ್ತಿರಲಿಲ್ಲ. “ಮನೇಲಿ ದೂಳೇ ಕಮ್ಮಿಯಾಗೋಯ್ತು ಕಣಮ್ಮ,” ಎಂದು ಅತ್ತೆ ಹೆಮ್ಮೆಪಟ್ಟರು. ನಾನೂ ಹೂಂ ಎಂದೆ. ಸಂಜೆ ಹೊತ್ತಿಗೆ ಟಿವಿಯ ಮೇಲೆ ನವಿರಾಗಿ ಕೂತಿರುತ್ತಿದ್ದ ಧೂಳನ್ನು ಹೈವೇ ಲಾರಿಗಳ ತಲೆಗೆ ಕಟ್ಟಿದೆವು.

ಕೆಲವು ವರ್ಷಗಳ ನಂತರ ಮಾವ ಹೋದರು. ಆಮೇಲೆ ಅತ್ತೆಗೆ ಉಬ್ಬಸ ಶುರುವಾಯಿತು. ಮೊದಮೊದಲು ಚಳಿಗಾಲದಲ್ಲಿ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ, ಆಮೇಲೆ ಸುಮ್ಮನೆ ಕೂತರೂ ಸಿಳ್ಳೆ. ಡಾಕ್ಟರು ಬಾಯಿಗೆ ಎಳೆದುಕೊಳ್ಳುವ ಔಷಧ ಬರೆದು, “ಮನೆಯಲ್ಲಿ ಧೂಳಿರಬಾರದು ನೋಡಿ,” ಎಂದರು. ಅತ್ತೆ ಅದನ್ನು ಗುರುವಾಕ್ಯದಂತೆ ಹಿಡಿದರು. ಅದುವರೆಗೆ ವಾರಕ್ಕೊಮ್ಮೆ ನಡೆಯುತ್ತಿದ್ದ ಮಿಷನ್ನು ದಿನ ಬಿಟ್ಟು ದಿನ ನಡೆಯತೊಡಗಿತು. ಉಬ್ಬಸ ಹೆಚ್ಚಾಯಿತು. ಮಿಷನ್ನು ದಿನಾ ನಡೆಯತೊಡಗಿತು. ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರಿಗೆ ಮಾತಾಡಲೂ ಉಸಿರು ಸಾಲದೆ, ತುಟಿ ನೀಲಿಗಟ್ಟಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು. ಬಂದ ಹೊಸದರಲ್ಲಿ ಈ ಹೆಂಗಸಿನ ಕೈಕೆಳಗೆ ಹೇಗಪ್ಪಾ ಬಾಳುವುದು ಎಂದುಕೊಂಡಿದ್ದವಳು, ಈಗ ಇವರಿಲ್ಲದೆ ಹೇಗೆ ಎಂದು ಹೆದರಿ ಕೂತಿದ್ದೆ.

ಆಸ್ಪತ್ರೆಯಲ್ಲಿ ಬೇಗ ಚೇತರಿಸಿಕೊಂಡರು. ಔಷಧದ ಗುಣ ಎಂದುಕೊಂಡೆವು. ಮನೆಗೆ ಬಂದ ಮರುದಿನವೇ, “ನಾನಿಲ್ದೆ ಮನೆ ಏನಾಗದೋ ಏನೋ, ಮಿಷನ್ನು ತೆಗಿ,” ಎಂದು ಕುರ್ಚಿಯಲ್ಲಿ ಕೂತು ಪಾದ ಚಾಚಿದರು.

ಅವರು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹೆಂಚಿನ ಮನೆಯನ್ನು ಕೆಡವಿದ್ದರು, ಅಲ್ಲಿ ಮೂರಂತಸ್ತು ಬರಲಿತ್ತು. ಆ ಗೋಡೆ ಹೋದದ್ದರಿಂದ ನಮ್ಮ ಪೂರ್ವದ ಕಿಟಕಿಯಲ್ಲಿ, ನಾನು ಈ ಮನೆಗೆ ಬಂದಮೇಲೆ ಮೊದಲ ಬಾರಿಗೆ, ಬೆಳಗಿನ ಬಿಸಿಲು ನೇರ ನಡುಮನೆಗೆ ಬಿದ್ದಿತ್ತು. ಒಂದು ಅಗಲವಾದ ಕೋಲು, ಕಿಟಕಿಯಿಂದ ಮಿಷನ್ನಿನ ಬೆನ್ನಿನವರೆಗೆ. ನಾನು ಸ್ವಿಚ್ಚು ಒತ್ತಿ ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದೆ.

ಜಾಲರಿಯಿಂದ ಚಿನ್ನದ ಹೊಗೆ ಏಳುತ್ತಿತ್ತು. ಬೇರೆ ಮಾತು ನನಗೆ ತೋಚುವುದಿಲ್ಲ. ಕೋಟಿ ಕೋಟಿ ಕಣ, ಒಂದೊಂದೂ ಮಿನುಗುತ್ತಾ, ಸುರುಳಿ ಸುತ್ತುತ್ತಾ, ಬಿಸಿಲಿನ ಕೋಲಿನುದ್ದಕ್ಕೂ ಏರುತ್ತಿತ್ತು. ಅದು ನಿಧಾನವಾಗಿ ಕುರ್ಚಿಯ ಮೇಲೆ ಬಾಗಿ, ಅತ್ತೆಯ ಶಾಲು, ಬಿಳಿ ತಲೆ, ಮುಖವನ್ನೆಲ್ಲ ಸುತ್ತಿಕೊಂಡಿತ್ತು. ಉತ್ಸವಮೂರ್ತಿಗೆ ಧೂಪ ಹಾಕಿದ ಹಾಗೆ ಅತ್ತೆ ಅದರ ನಡುವೆ ಕೂತಿದ್ದರು. ಅಷ್ಟು ಚೆಂದದ್ದನ್ನು ನಮ್ಮ ಮನೆಯೊಳಗೆ ನಾನು ಕಂಡಿರಲಿಲ್ಲ. ಒಂದು ಕ್ಷಣ ಕೈಮುಗಿಯಬೇಕು ಎನಿಸಿತು. ಆಮೇಲೆ ಅತ್ತೆ ಕೆಮ್ಮಿದರು. ಆಗ ನನಗೆ ಅದು ಏನೆಂದು ಹೊಳೆಯಿತು.

ಮುಂದಿನಿಂದ ಎಳೆದದ್ದರಲ್ಲಿ ದಪ್ಪ ಕಸವನ್ನು ಮಾತ್ರ ಪಂಚೆ ಹಿಡಿಯುತ್ತಿತ್ತು. ನವಿರು ಧೂಳೆಲ್ಲ ಆ ಮೆತ್ತನೆ ಬಟ್ಟೆಯನ್ನು ದಾಟಿ ಹಿಂದಿನಿಂದ ಬರುತ್ತಿತ್ತು. ಅಡ್ಡಿಯಿಲ್ಲದ ಬಟ್ಟೆಯಾದ್ದರಿಂದಲೇ ಅಷ್ಟು ಜೋರು. ಚೀಲ ಹಗುರವಾಗಿದ್ದದ್ದು ಮನೆ ಶುದ್ಧವಾದ್ದರಿಂದಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ನಾವು ಬೇಲಿಗೆ ವಿಭೂತಿ ಹಚ್ಚುತ್ತಿದ್ದೆವು.

ಸ್ವಿಚ್ಚು ಆರಿಸಿ, “ಮಿಷನ್ನು ಕಾದೋಯ್ತು ಅತ್ತೆ,” ಎಂದೆ.

“ಈಗ್ತಾನೆ ಹಾಕ್ದೆಯಲ್ಲ,” ಎಂದರು.

ಯಜಮಾನರಿಗೆ ಫ್ಯಾಕ್ಟರಿಗೆ ಫೋನು ಮಾಡಿ ಹೇಳಿದೆ. ಅವರು ಹೊಸದು ತರೋಣ ಎಂದರು. ಆದರೆ ತಾಯಿಗೆ ಹೇಳುವ ಮಾತು ಬಂದಾಗ, “ನೀನೇ ಹೇಳ್ಬುಡು,” ಎಂದು ಫೋನು ಇಟ್ಟರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ಪಾಲಿಗೇ ಬಂತು. ಹೇಗೆ ಹೇಳಲಿ? ಮಾವ ಕೊಂಡ ಮಿಷನ್ನು, ಮಾವನ ಪಂಚೆ, ಅತ್ತೆಯದೇ ಕೈಯ ಹೊಲಿಗೆ. ನಿಮ್ಮ ಉಸಿರು ಕಟ್ಟಿಸುತ್ತಿರುವುದು ಇದೇ ಎಂದು ಹೇಳುವುದು ಬೆನ್ನಿಗೆ ಚೂರಿ ಹಾಕಿದ ಹಾಗೆ. ಮರುದಿನ ಕರೆಂಟಿಲ್ಲ ಎಂದೆ. ಅತ್ತೆ ತಲೆ ಎತ್ತಿ, “ದೇವ್ರ ಮನೆ ಲೈಟು ಉರೀತಾ ಅದೆ,” ಎಂದರು. ಇನ್ನು ಸುಳ್ಳು ಹೊಸೆಯುವ ಬಲ ನನಗಿರಲಿಲ್ಲ.

ಮುಂದೇನಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಯಜಮಾನರು ಹೇಳಿದ ಹೊಸದು ಇನ್ನೂ ಬಂದಿಲ್ಲ, ಅತ್ತೆ ಬೇಡ ಎಂದರು. ಮಿಷನ್ನಿಗೆ ಈಗ ದಪ್ಪ ಡ್ರಿಲ್ ಬಟ್ಟೆಯ ಚೀಲ. ಅರ್ಧದಷ್ಟೂ ಎಳೆಯುವುದಿಲ್ಲ, ಬೇಗ ಕಾಯುತ್ತದೆ. ಜಗಲಿಗೆ ಹೊಸ ಪ್ಲಗ್ಗು ಹಾಕಿಸಿ, ಮಿಷನ್ನಿನ ಬೆನ್ನನ್ನು ಬೀದಿಗೆ ತಿರುಗಿಸಿ ಇಟ್ಟು, ಕೊಳವೆ ಮುಟ್ಟುವಷ್ಟು ಮನೆಯನ್ನು ಮಾತ್ರ ಎಳೆಯುತ್ತೇನೆ. ಉಳಿದದ್ದಕ್ಕೆ ಒದ್ದೆಬಟ್ಟೆ. ಅಷ್ಟು ಹೊತ್ತು ಅತ್ತೆ ಎದುರುಮನೆಯವರ ಜೊತೆ ಹಿತ್ತಲ ಬಿಸಿಲಿನಲ್ಲಿ ಹರಟುತ್ತಾರೆ. ಉಬ್ಬಸ ಪೂರ್ತಿ ಹೋಗಿಲ್ಲ. ಆದರೆ ಮತ್ತೆ ಆಸ್ಪತ್ರೆಯ ಮುಖ ನೋಡಿಲ್ಲ. ನಾನು ಬರೆಯಬೇಕೆಂದು ಕೂತದ್ದು ಇದನ್ನಲ್ಲ, ಆ ಬೆಳಗ್ಗೆ ಆದದ್ದನ್ನು.

ಕರೆಂಟಿನ ಸುಳ್ಳು ಸಿಕ್ಕಿಬಿದ್ದ ಆ ಬೆಳಗ್ಗೆ ಅತ್ತೆಯ ಕುರ್ಚಿಯನ್ನು ಬಾಗಿಲ ಹತ್ತಿರ, ಗಾಳಿ ತಾಗದ ಕಡೆ ಹಾಕಿ ಕೂರಿಸಿದೆ. “ಒಂದು ನಿಮಿಷ ಸುಮ್ಮನೆ ಬಿಸಿಲಲ್ಲಿ ನೋಡಿ ಅತ್ತೆ,” ಎಂದು ಹೇಳಿ ಸ್ವಿಚ್ಚು ಒತ್ತಿದೆ. ಹೊಗೆ ಎದ್ದಿತು, ಕುರ್ಚಿ ಸರಿದು ಬರಿದಾದ ಜಾಗವನ್ನು ತುಂಬಿಕೊಂಡು ಮಿನುಗಿತು. ಅತ್ತೆ ನೋಡಿದರು. ಕೊನೆಗೆ ನಾನೇ ಆರಿಸಿದೆ. ಸದ್ದು ನಿಂತ ಮೇಲೂ ಆ ಕಣಗಳು ಬಿಸಿಲಿನಲ್ಲಿ ತೇಲುತ್ತಲೇ ಇದ್ದವು.

“ಇದು ಅದ್ರ ಬೆನ್ನಿಂದ ಬತ್ತಾ ಅದಾ?”

“ಹೂಂ ಅತ್ತೆ. ಚೀಲದ ಬಟ್ಟೆ ತೆಳ್ಳಗಾಯ್ತು.”

“ಅವತ್ತಿಂದಾನಾ?”

“ಅವತ್ತಿಂದಾನೇ.”

ಅವರು ಅಳುತ್ತಾರೆ ಎಂದು ಹೆದರಿದ್ದೆ, ಇಲ್ಲವೇ ಸಿಟ್ಟಾಗುತ್ತಾರೆ, ನನ್ನನ್ನು ಬೈದು ಮಿಷನ್ನಿನ ಪರ ವಹಿಸುತ್ತಾರೆ ಎಂದುಕೊಂಡಿದ್ದೆ. ಎಲ್ಲಕ್ಕೂ ಒಂದೊಂದು ಸಮಾಧಾನ ಸಿದ್ಧ ಮಾಡಿಕೊಂಡಿದ್ದೆ. ಅವರು ಯಾವುದನ್ನೂ ಮಾಡಲಿಲ್ಲ. ಕುರ್ಚಿಯ ತೋಳು ಊರಿ ಎದ್ದು, ಸಿಳ್ಳೆ ಹೊಡೆಯುವ ಎದೆ ಹೊತ್ತು, ನಡುಮನೆ ದಾಟಿ ನನ್ನ ಹತ್ತಿರ ಬಂದರು.

“ನಾನು ಕುರ್ಚೀಲಿ ಕೂತ್ಕಂಡಿದ್ದು ಎದ್ದು ಹೋಗ್ತಿದ್ದೆ. ಬಗ್ಗಿ ಬಗ್ಗಿ ಇದೇ ಗಾಳೀಲಿ ಓಡಾಡ್ದೋಳು ನೀನಲ್ವೇನಮ್ಮ?” ಎಂದರು.

ಈ ಮಾತು ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ.

“ನಂಗೇನಾಗದೆ ಅತ್ತೆ, ಗಟ್ಟಿಯಾಗಿದ್ದೀನಿ,” ಎಂದೆ.

“ನಾನೂ ಹಂಗೇ ಅಂತಿದ್ದೆ. ತಿರುಗು.”

ತಿರುಗಿದೆ. ಅವರು ನನ್ನ ಜಡೆಯನ್ನು ಪಕ್ಕಕ್ಕೆ ಸರಿಸಿ, ಬೆನ್ನಿಗೆ ಕಿವಿ ಹಚ್ಚಿದರು, ಡಾಕ್ಟರು ತಮಗೆ ಮಾಡುವ ಹಾಗೆ. ಅವರ ತಣ್ಣನೆಯ ಕೆನ್ನೆ ರವಿಕೆಯ ಮೇಲೆ ನನಗೆ ತಾಗಿತು.

“ಉಸ್ರು ಎಳಿ. ಜೋರಾಗಿ ಎಳಿ. ಬುಡು.”

ಎಳೆದೆ, ಬಿಟ್ಟೆ. ನನಗೆ ಕೇಳಿಸಿದ್ದು ಅವರದೇ ಎದೆಯ ಸಿಳ್ಳೆ. ಅವರಿಗೂ ಅದೇ ಅಡ್ಡ ಬಂದಿರಬೇಕು. “ಇನ್ನೊಂದ್ಸಲ ಎಳಿ, ನಂದೇ ಕೇಳ್ತಾ ಅದೆ,” ಎಂದರು. ನಾನು ಮತ್ತೆ ಎಳೆದೆ. ಬೆನ್ನ ಹಿಂದೆ ಸಿಳ್ಳೆ ನಿಂತಿತು. ನನ್ನ ಉಸಿರು ಹೇಗಿದೆ ಎಂದು ಕೇಳಿಸಿಕೊಳ್ಳುವುದಕ್ಕೆ ಅತ್ತೆ ತಮ್ಮ ಉಸಿರನ್ನು ಬಿಗಿಹಿಡಿದು ನಿಂತಿದ್ದರು.